ನಿಂತರೆ ನಡುಗುವ ಕಾಲು, ಮಿದುಳಿಗೊಂದು ತಂತಿ

ನಡೆಯಲು ತೊಂದರೆಯಿಲ್ಲ, ಕುಳಿತರೂ ತೊಂದರೆಯಿಲ್ಲ. ಆದರೆ ಒಂದೆಡೆ ಸುಮ್ಮನೆ ನಿಂತರೆ ಕಾಲುಗಳು ಸೋಲುತ್ತವೆ. ಇಂಥದೊಂದು ಕಾಯಿಲೆ ಇದೆಯೆಂದರೆ ಕೇಳಿದವರು ನಂಬುವುದು ಕಷ್ಟ. ಬಸ್ಸಿಗೆ ಕಾಯುವುದು, ನ್ಯಾಯಬೆಲೆ ಅಂಗಡಿಯ ಮುಂದೆ ಸರದಿಯಲ್ಲಿ ನಿಲ್ಲುವುದು, ಮದುವೆ ಮನೆಯಲ್ಲಿ ನಿಂತು ನಾಲ್ಕು ಮಾತಾಡುವುದು ಎಲ್ಲರಿಗೂ ದಿನನಿತ್ಯದ ಸಂಗತಿ. ಈ ರೋಗಿಗಳಿಗೆ ಅದೇ ದೊಡ್ಡ ಪರೀಕ್ಷೆ. ನಿಂತ ಕೆಲವೇ ಕ್ಷಣಗಳಲ್ಲಿ ತೊಡೆ ಮತ್ತು ಮೀನಖಂಡದ ಸ್ನಾಯುಗಳು ಒಳಗೊಳಗೇ ಕಂಪಿಸತೊಡಗುತ್ತವೆ, ಬಿದ್ದೇಬಿಡುವ ಭಯ ಆವರಿಸುತ್ತದೆ. ಗೋಡೆಗೆ ಒರಗಿದರೆ ಅಥವಾ ನಾಲ್ಕು ಹೆಜ್ಜೆ ನಡೆದರೆ ಕಂಪನ ತಗ್ಗುತ್ತದೆ; ಕುಳಿತರೆ ಎಲ್ಲವೂ ಶಾಂತ.

ಅಮೆರಿಕದ ನರರೋಗ ತಜ್ಞ ಕೆನೆತ್ ಹೈಲ್‌ಮನ್ 1984ರಲ್ಲಿ ಇದಕ್ಕೆ ‘ಆರ್ಥೋಸ್ಟಾಟಿಕ್ ಟ್ರೆಮರ್’ ಎಂದು ಹೆಸರಿಟ್ಟರು. ನಿಂತಾಗಿನ ನಡುಕ ಎಂದು ಇದನ್ನು ಕರೆಯಬಹುದು. ಇದು ಅತಿ ವಿರಳವಾದ ಕಾಯಿಲೆ. ಹೆಚ್ಚಾಗಿ ಐವತ್ತು ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಕಾಣಿಸುತ್ತದೆ. ಸೆಕೆಂಡಿಗೆ 13ರಿಂದ 18 ಬಾರಿ ಕಂಪಿಸುವ ಈ ನಡುಕ ಎಷ್ಟು ವೇಗದ್ದೆಂದರೆ ಅನೇಕ ವೇಳೆ ಕಣ್ಣಿಗೆ ಕಾಣುವುದೇ ಇಲ್ಲ. ಕಾಲಿನ ಮೇಲೆ ಕೈಯಿಟ್ಟರೆ ಮಾತ್ರ ತಿಳಿಯುತ್ತದೆ. ಸ್ಟೆತಾಸ್ಕೋಪನ್ನು ತೊಡೆಗೆ ಒತ್ತಿ ಆಲಿಸಿದರೆ ದೂರದಲ್ಲಿ ಹೆಲಿಕಾಪ್ಟರ್ ಹಾರುತ್ತಿರುವಂಥ ಸದ್ದು ಕೇಳಿಸುತ್ತದೆ ಎಂಬುದನ್ನು 1995ರಲ್ಲಿ ವೈದ್ಯರು ದಾಖಲಿಸಿದರು. ಕಣ್ಣಿಗೆ ಕಾಣದ ನಡುಕವಾದ್ದರಿಂದ ಇದು ಮನಸ್ಸಿನ ಕಾಯಿಲೆ, ಬರಿಯ ಭಯ ಎಂದು ತಳ್ಳಿಹಾಕಿಸಿಕೊಂಡು ವರ್ಷಗಟ್ಟಲೆ ಅಲೆದ ರೋಗಿಗಳೂ ಇದ್ದಾರೆ.

ಔಷಧಕ್ಕೆ ಬಗ್ಗದ ಈ ನಡುಕಕ್ಕೆ ಮಿದುಳಿನ ಆಳಕ್ಕೆ ತಂತಿಯಿಳಿಸಿ ವಿದ್ಯುತ್ತನ್ನು ಹರಿಸುವ ಚಿಕಿತ್ಸೆಯನ್ನು ಪ್ರಯೋಗಿಸಿದ ವರದಿಗಳು 2008ರಲ್ಲಿ ಪ್ರಕಟವಾದವು. ಈ ಚಿಕಿತ್ಸೆ ಒಂದು ದಿನದಲ್ಲಿ, ಒಬ್ಬರ ತಲೆಯಲ್ಲಿ ಹುಟ್ಟಿದ್ದಲ್ಲ. ಅದರ ಹಿಂದೆ ಆಕಸ್ಮಿಕ, ಸಾಹಸ, ತಪ್ಪು, ತಿದ್ದುಪಾಟುಗಳ ದೊಡ್ಡ ಕಥೆಯೇ ಇದೆ. ಒಮ್ಮೆ ಮಾಡಿದ್ದನ್ನು ಮತ್ತೆ ಹಿಂತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆ ಆ ಕಥೆಯ ಉದ್ದಕ್ಕೂ ಹರಿದು ಬಂದಿದೆ.

ಬೀದಿಯಲ್ಲಿ ಕಂಡ ರೋಗ

ನಡುಕ ಮನುಷ್ಯನಷ್ಟೇ ಹಳೆಯದಿರಬೇಕು. ನಮ್ಮ ಆಯುರ್ವೇದ ಇದನ್ನು ಕಂಪವಾತ ಎಂದು ಕರೆಯಿತು. ಪಾಶ್ಚಾತ್ಯ ವೈದ್ಯದಲ್ಲಿ ಇದಕ್ಕೊಂದು ಸ್ಪಷ್ಟ ಚಿತ್ರ ದೊರೆತದ್ದು 1817ರಲ್ಲಿ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ‘ನಡುಗುವ ಪಾರ್ಶ್ವವಾಯು’ವನ್ನು ಕುರಿತ ಪುಟ್ಟ ಪ್ರಬಂಧವೊಂದನ್ನು ಆ ವರ್ಷ ಪ್ರಕಟಿಸಿದರು. ಅದರಲ್ಲಿ ಬರುವ ರೋಗಿಗಳು ಆರೇ ಮಂದಿ. ಅವರಲ್ಲಿ ಕೆಲವರು ಆತನ ಬಳಿ ಚಿಕಿತ್ಸೆಗೆ ಬಂದವರೂ ಅಲ್ಲ. ಬೀದಿಯಲ್ಲಿ ಕಣ್ಣಿಗೆ ಬಿದ್ದವರು. ಬಾಗಿದ ಬೆನ್ನು, ಮುಂದಕ್ಕೆ ಓಡುವಂಥ ನಡಿಗೆ, ಸುಮ್ಮನಿರುವಾಗಲೂ ನಡುಗುವ ಕೈ ಇವನ್ನೆಲ್ಲ ಪಾರ್ಕಿನ್ಸನ್ ಎಷ್ಟು ನಿಖರವಾಗಿ ಬರೆದಿದ್ದರೆಂದರೆ ಫ್ರಾನ್ಸಿನ ಪ್ರಖ್ಯಾತ ನರತಜ್ಞ ಷಾರ್ಕೊ ಮುಂದೆ ಆ ರೋಗಕ್ಕೆ ಅವರ ಹೆಸರನ್ನೇ ಇಟ್ಟರು.

ನಡುಕಗಳೆಲ್ಲ ಒಂದೇ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಪಾರ್ಕಿನ್ಸನ್ ರೋಗದ ನಡುಕ ಕೈ ವಿಶ್ರಾಂತಿಯಲ್ಲಿದ್ದಾಗ ಹೆಚ್ಚು. ಸೆಕೆಂಡಿಗೆ ನಾಲ್ಕರಿಂದ ಆರು ಬಾರಿ. ‘ಎಸೆನ್ಷಿಯಲ್ ಟ್ರೆಮರ್’ ಎಂಬ ಇನ್ನೊಂದು ನಡುಕ ಕೈ ಕೆಲಸಕ್ಕೆ ತೊಡಗಿದಾಗಲೇ ಬರುತ್ತದೆ. ಕಾಫಿ ಲೋಟ ಎತ್ತಿದರೆ ಚೆಲ್ಲುತ್ತದೆ, ಸಹಿ ಹಾಕಲು ಹೋದರೆ ಅಕ್ಷರ ಅಂಕುಡೊಂಕಾಗುತ್ತದೆ. ಇದು ಅನೇಕ ಮನೆತನಗಳಲ್ಲಿ ವಂಶಪಾರಂಪರ್ಯವಾಗಿ ಬರುವುದುಂಟು, ಪಾರ್ಕಿನ್ಸನ್ ರೋಗಕ್ಕಿಂತ ಸಾಮಾನ್ಯ ಕೂಡ. ಮಿದುಳಿಗೆ ಪೆಟ್ಟಾದ ಅಥವಾ ಪಾರ್ಶ್ವವಾಯು ಬಡಿದ ತಿಂಗಳುಗಳ ಮೇಲೆ ಕಾಣಿಸಿಕೊಳ್ಳುವ ಮತ್ತೊಂದು ವಿರಳ ನಡುಕವನ್ನು ಬ್ರಿಟನ್ನಿನ ಗಾರ್ಡನ್ ಹೋಮ್ಸ್ 1904ರಲ್ಲಿ ವರ್ಣಿಸಿದರು. ಈ ಎಲ್ಲ ನಡುಕಗಳ ಮೂಲ ಬೇರೆಯಾದರೂ ಅವು ಹಾದುಬರುವ ದಾರಿಯಲ್ಲಿ ಒಂದು ಸಮಾನ ಠಾಣೆ ಇದೆ. ಮಿದುಳಿನ ನಡುವಿನಲ್ಲಿರುವ ಥಲಾಮಸ್ ಎಂಬ ಭಾಗವೇ ಅದು.

ಕರಾಳ ಆರಂಭ

ವಿದ್ಯುತ್ತಿಗೂ ವೈದ್ಯಕ್ಕೂ ಇರುವ ನಂಟು ಹಳೆಯದು. ರೋಮ್ ಚಕ್ರವರ್ತಿ ಕ್ಲಾಡಿಯಸನ ಕಾಲದ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ತಲೆನೋವಿಗೆ ಜೀವಂತ ವಿದ್ಯುತ್ ಮೀನನ್ನು ಹಣೆಯ ಮೇಲಿಡುವಂತೆ ಹೇಳಿದ್ದ. ಆದರೆ ವಿದ್ಯುತ್ತು ನೇರವಾಗಿ ಮಿದುಳನ್ನು ಮುಟ್ಟಿದ್ದು 19ನೆಯ ಶತಮಾನದಲ್ಲಿ. 1870ರಲ್ಲಿ ಬರ್ಲಿನ್ನಿನ ಫ್ರಿಟ್ಸ್ ಮತ್ತು ಹಿಟ್ಸಿಗ್ ಎಂಬಿಬ್ಬರು ನಾಯಿಯ ಮಿದುಳಿನ ಮೇಲ್ಮೈಗೆ ವಿದ್ಯುತ್ ಹಾಯಿಸಿ, ಅದರ ಎದುರು ಪಾರ್ಶ್ವದ ಕಾಲುಗಳು ಅಲುಗುವುದನ್ನು ತೋರಿಸಿಕೊಟ್ಟರು.

ನಾಲ್ಕೇ ವರ್ಷಗಳಲ್ಲಿ ಅದೇ ಪ್ರಯೋಗ ಮನುಷ್ಯರ ಮೇಲೆ ನಡೆಯಿತು. ಅಮೆರಿಕದ ಸಿನ್ಸಿನಾಟಿಯ ವೈದ್ಯ ರಾಬರ್ಟ್ಸ್ ಬಾರ್ತಲೋ, ತಲೆಬುರುಡೆಯನ್ನು ಕ್ಯಾನ್ಸರ್ ಹುಣ್ಣು ತಿಂದುಹಾಕಿದ್ದ ಮೇರಿ ರಾಫರ್ಟಿ ಎಂಬ ಬಡ ಹೆಣ್ಣುಮಗಳ ಮಿದುಳಿಗೆ ಸೂಜಿಗಳನ್ನು ಚುಚ್ಚಿ ವಿದ್ಯುತ್ ಹರಿಸಿದ. ಕೈಕಾಲು ಸೆಟೆದವು, ಆಕೆ ಅತ್ತಳು. ಕೆಲವೇ ದಿನಗಳಲ್ಲಿ ತೀರಿಕೊಂಡಳು. ಆಕೆಗೆ ಇದರಿಂದ ಯಾವ ಲಾಭವೂ ಇರಲಿಲ್ಲ. ಬಾರ್ತಲೋ ತೀವ್ರ ಖಂಡನೆಗೆ ಗುರಿಯಾಗಿ, ಕಡೆಗೆ ವಿಷಾದ ವ್ಯಕ್ತಪಡಿಸಬೇಕಾಯಿತು. ಮಿದುಳನ್ನು ಮುಟ್ಟುವ ಕೈಗೆ ಎಷ್ಟು ಎಚ್ಚರ ಬೇಕು ಎಂಬ ಪಾಠ ಹೀಗೆ ಒಬ್ಬಳ ಜೀವದ ಬೆಲೆಯಲ್ಲಿ ಬಂತು.

ಮಿದುಳಿನ ಆಳವನ್ನು ತಲುಪಲು ಇನ್ನೊಂದು ತೊಡಕಿತ್ತು. ಮೇಲಿಂದ ಕಾಣದ ಪುಟ್ಟ ಗುರಿಗೆ ಸೂಜಿ ತಾಗಿಸುವುದು ಹೇಗೆ? 1908ರಲ್ಲಿ ಲಂಡನ್ನಿನ ಹಾರ್ಸ್ಲಿ ಮತ್ತು ಕ್ಲಾರ್ಕ್ ಪ್ರಾಣಿಗಳ ತಲೆಗೆ ಬಿಗಿಯುವ ಚೌಕಟ್ಟೊಂದನ್ನು ರೂಪಿಸಿದರು. ಭೂಪಟದಲ್ಲಿ ಅಕ್ಷಾಂಶ ರೇಖಾಂಶಗಳಿಂದ ಊರು ಗುರುತಿಸುವಂತೆ, ಉದ್ದ ಅಗಲ ಆಳಗಳ ಅಳತೆಯಿಂದ ಮಿದುಳಿನ ಒಂದು ಬಿಂದುವನ್ನು ಗುರುತಿಸುವ ಉಪಾಯವಿದು. ಮನುಷ್ಯರಿಗೆ ಅದನ್ನು ಅಳವಡಿಸಿದವರು ಫಿಲಡೆಲ್ಫಿಯಾದ ಸ್ಪೀಗೆಲ್ ಮತ್ತು ವೈಸಿಸ್, 1947ರಲ್ಲಿ. ಮನೋರೋಗಿಗಳ ಮಿದುಳನ್ನು ಒರಟಾಗಿ ಕತ್ತರಿಸುತ್ತಿದ್ದ ಲೊಬಾಟಮಿಗೆ ಬದಲು ಕಡಿಮೆ ಹಾನಿಯ ದಾರಿ ಹುಡುಕುವುದು ಅವರ ಉದ್ದೇಶಗಳಲ್ಲಿ ಒಂದಾಗಿತ್ತು.

ಹರಿದ ನಾಳ, ನಿಂತ ನಡುಕ

ನಡುಕದ ಶಸ್ತ್ರಚಿಕಿತ್ಸೆಗೆ ಹೊಸ ತಿರುವು ಬಂದದ್ದು ಒಂದು ಅನಾಹುತದಿಂದ. 1952ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ಇರ್ವಿಂಗ್ ಕೂಪರ್ ಪಾರ್ಕಿನ್ಸನ್ ರೋಗಿಯೊಬ್ಬನ ಮಿದುಳಿನ ನರಮಾರ್ಗವೊಂದನ್ನು ಕತ್ತರಿಸಲು ಹೊರಟಿದ್ದರು. ಕೆಲಸದ ನಡುವೆ ಪುಟ್ಟ ರಕ್ತನಾಳವೊಂದು ಹರಿಯಿತು. ರಕ್ತ ನಿಲ್ಲಿಸಲು ನಾಳವನ್ನು ಮುಚ್ಚಿ, ಶಸ್ತ್ರಕ್ರಿಯೆಯನ್ನು ಅಲ್ಲಿಗೇ ಕೈಬಿಟ್ಟರು. ಎಚ್ಚರಗೊಂಡ ರೋಗಿಗೆ ಪಾರ್ಶ್ವವಾಯು ತಾಗಿರಲಿಲ್ಲ. ಬದಲಿಗೆ ಎದುರು ಪಾರ್ಶ್ವದ ನಡುಕ, ಬಿಗಿತಗಳು ಮಾಯವಾಗಿದ್ದವು. ರಕ್ತ ಸಿಗದೆ ಸತ್ತ ಮಿದುಳಿನ ಚಿಕ್ಕ ಭಾಗವೇ ನಡುಕಕ್ಕೆ ದಾರಿ ಮಾಡಿಕೊಡುತ್ತಿತ್ತೆಂದು ಕೂಪರ್ ಊಹಿಸಿದರು. ಆ ಬಳಿಕ ಕೂಪರ್ ಮತ್ತು ಇತರರು ಥಲಾಮಸ್ಸಿನ ಒಂದು ಬಿಂದುವನ್ನು ಮದ್ಯಸಾರದಿಂದ, ಶಾಖದಿಂದ, ಕಡೆಗೆ ಅತಿಶೀತಲ ಸಾರಜನಕದಿಂದ ನಾಶಪಡಿಸುವ ವಿಧಾನಗಳನ್ನು ಬೆಳೆಸಿದರು. ಇದಕ್ಕೆ ಥಲಾಮಾಟಮಿ ಎಂದು ಹೆಸರು.

ಕೂಪರ್ ಅವರ ರೋಗಿಗಳಲ್ಲಿ ಭಾರತಕ್ಕೆ ಪರಿಚಿತರಾದ ಒಬ್ಬರಿದ್ದರು. 1946ರಲ್ಲಿ ಚರಕದ ಹಿಂದೆ ಕುಳಿತ ಗಾಂಧೀಜಿಯ ಜಗತ್ಪ್ರಸಿದ್ಧ ಛಾಯಾಚಿತ್ರವನ್ನು ತೆಗೆದ, ದೇಶವಿಭಜನೆಯ ದಾರುಣ ದೃಶ್ಯಗಳನ್ನು ಸೆರೆಹಿಡಿದ ಮಾರ್ಗರೆಟ್ ಬರ್ಕ್-ವೈಟ್ ಅವರೇ ಆ ರೋಗಿ. ಯುದ್ಧಭೂಮಿಗಳಲ್ಲಿ ಅಲುಗದೆ ಕ್ಯಾಮೆರಾ ಹಿಡಿದಿದ್ದ ಕೈಗಳನ್ನು 1950ರ ದಶಕದಲ್ಲಿ ಪಾರ್ಕಿನ್ಸನ್ ರೋಗ ಹಿಡಿಯಿತು. 1959ರಲ್ಲಿ ಮೊದಲ ಶಸ್ತ್ರಕ್ರಿಯೆಯಾಯಿತು. ತಾವು ಕೆಲಸ ಮಾಡುತ್ತಿದ್ದ ‘ಲೈಫ್’ ಪತ್ರಿಕೆಯಲ್ಲಿಯೇ ಆ ಅನುಭವವನ್ನು ಆಕೆ ಬಹಿರಂಗವಾಗಿ ಹೇಳಿಕೊಂಡರು. ರೋಗವನ್ನು ಮುಚ್ಚಿಡುವುದೇ ಮರ್ಯಾದೆ ಎಂದಿದ್ದ ಕಾಲದಲ್ಲಿ ಅದು ಸಣ್ಣ ಧೈರ್ಯವಲ್ಲ. 1961ರಲ್ಲಿ ಮತ್ತೊಂದು ಶಸ್ತ್ರಕ್ರಿಯೆ ನಡೆಯಿತು. ನಡುಕವೇನೋ ಹೋಯಿತು, ಆದರೆ ಮಾತು ತೊದಲತೊಡಗಿತು. 1971ರಲ್ಲಿ ಆಕೆ ತೀರಿಕೊಂಡರು.

ಇದು ಆಕೆಯೊಬ್ಬರ ಕಥೆಯಲ್ಲ. ಥಲಾಮಸ್ ಎಡಬಲಗಳಲ್ಲಿ ಜೋಡಿಯಾಗಿದೆ. ಒಂದು ಪಕ್ಕದಲ್ಲಿ ಸುಟ್ಟರೆ ದೇಹ ಸಹಿಸೀತು. ಎರಡೂ ಪಕ್ಕ ಸುಟ್ಟರೆ ಮಾತು, ನುಂಗುವಿಕೆ, ನೆನಪು ಕೆಡುವ ಸಂಭವ ಹೆಚ್ಚು. ಸುಟ್ಟ ಮಿದುಳು ಮತ್ತೆ ಬೆಳೆಯುವುದಿಲ್ಲ. ಎರಡೂ ಕೈ ನಡುಗುವ ರೋಗಿಗೆ ವೈದ್ಯರು ಒಂದು ಕೈಯನ್ನು ಮಾತ್ರ ಉಳಿಸಿಕೊಟ್ಟು ಇನ್ನೊಂದನ್ನು ನಡುಗಲು ಬಿಡಬೇಕಾದ ಸ್ಥಿತಿಯಿತ್ತು.

ಬೆಂಗಳೂರಿನ ದಾರಿ, ಮದರಾಸಿನ ಬೀಜ

ಈ ಕಾಲದಲ್ಲಿ ಭಾರತವೂ ಹಿಂದೆ ಉಳಿದಿರಲಿಲ್ಲ. ಮದರಾಸಿನಲ್ಲಿ ಡಾ. ಬಿ. ರಾಮಮೂರ್ತಿ ಮತ್ತವರ ಸಹೋದ್ಯೋಗಿಗಳು ಈ ಬಗೆಯ ಶಸ್ತ್ರಕ್ರಿಯೆಗೆ ಹೆಸರಾದರು. ಬೆಂಗಳೂರಿನಲ್ಲಿ, ಮುಂದೆ ನಿಮ್ಹಾನ್ಸ್‌ನ ಸ್ಥಾಪಕ ನಿರ್ದೇಶಕರಾದ ಡಾ. ಆರ್. ಮಾರ್ತಾಂಡ ವರ್ಮ ತಮ್ಮದೇ ಒಂದು ದಾರಿಯನ್ನು ಕಂಡುಕೊಂಡರು. ತಲೆಬುರುಡೆಯ ತಳದಲ್ಲಿ ನರವೊಂದು ಹೊರಬರಲು ನಿಸರ್ಗವೇ ಇಟ್ಟಿರುವ ಅಂಡಾಕಾರದ ರಂಧ್ರವಿದೆ. ಕೆನ್ನೆಯ ಕಡೆಯಿಂದ ಸೂಜಿಯನ್ನು ಆ ರಂಧ್ರದೊಳಗೆ ತೂರಿಸಿ, ಪಾರ್ಕಿನ್ಸನ್ ರೋಗದ ಗುರಿಯನ್ನು ಕೆಳಗಿನಿಂದ ತಲುಪುವ ಈ ವಿಧಾನ ‘ವರ್ಮ ವಿಧಾನ’ ಎಂದೇ ಹೆಸರಾಯಿತು.

ಅಷ್ಟರಲ್ಲಿ ಗಾಳಿ ಬೇರೆ ಕಡೆಗೆ ಬೀಸಿತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1950ರ ದಶಕದ ಉತ್ತರಾರ್ಧದಲ್ಲಿ ಡೋಪಮಿನ್ ಎಂಬ ರಾಸಾಯನಿಕಕ್ಕೆ ಮಿದುಳಿನಲ್ಲಿರುವ ಪಾತ್ರವನ್ನು ಬೆಳಕಿಗೆ ತಂದರು. ಇದಕ್ಕಾಗಿ 2000ದಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಅದರ ಕೊರತೆಯಿದೆಯೆಂಬುದು 1960ರಲ್ಲಿ ವಿಯೆನ್ನಾದಲ್ಲಿ ಪತ್ತೆಯಾಯಿತು. 1967ರಲ್ಲಿ ಅಮೆರಿಕದ ಜಾರ್ಜ್ ಕೊಟ್ಜಿಯಾಸ್ ಎಲ್-ಡೋಪಾ ಎಂಬ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ಬೆರಗಿನ ಫಲಿತಾಂಶ ತೋರಿದರು. ಇಲ್ಲೊಂದು ಸ್ವಾರಸ್ಯವಿದೆ. ನಮ್ಮ ಹೊಲದ ಬೇಲಿಗಳಲ್ಲಿ ಹಬ್ಬುವ, ಮುಟ್ಟಿದರೆ ಮೈ ಕೆರೆಯುವ ನಸುಗುನ್ನಿಯ ಬೀಜದಲ್ಲಿ ಇದೇ ಎಲ್-ಡೋಪಾ ಇರುವುದನ್ನು ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲಿಯೇ ತೋರಿಸಿದ್ದರು. ಆಯುರ್ವೇದ ಬಹುಕಾಲದಿಂದ ಬಳಸುತ್ತ ಬಂದ ಬೀಜವದು.

ಮಾತ್ರೆ ಬಂದ ಮೇಲೆ ತಲೆ ಕೊರೆಸಿಕೊಳ್ಳುವವರು ಯಾರು? ಶಸ್ತ್ರಕ್ರಿಯೆ ಬಹುಮಟ್ಟಿಗೆ ಮೂಲೆಗೆ ಸರಿಯಿತು. ಆದರೆ ವರ್ಷಗಳುರುಳಿದಂತೆ ಮಾತ್ರೆಯ ಮಿತಿಯೂ ಕಂಡಿತು. ಔಷಧದ ಪರಿಣಾಮ ಬಂದುಹೋಗುವ ಏರಿಳಿತ, ಮೈ ತಾನೇ ತಾನಾಗಿ ಹೊರಳಾಡುವ ತೊಂದರೆ ಕಾಣಿಸಿಕೊಂಡವು. ಎಸೆನ್ಷಿಯಲ್ ಟ್ರೆಮರ್ ಉಳ್ಳವರಿಗಂತೂ ಎಲ್-ಡೋಪಾದಿಂದ ಪ್ರಯೋಜನವಿರಲಿಲ್ಲ.

ಸುಡುವ ಮುನ್ನ

ಫ್ರಾನ್ಸಿನ ಆಲ್ಪ್ಸ್ ಪರ್ವತದ ಮಡಿಲಲ್ಲಿ ಗ್ರೆನೋಬಲ್ ಎಂಬ ನಗರವಿದೆ. ಅಲ್ಲಿನ ಶಸ್ತ್ರವೈದ್ಯ ಅಲಿಂ ಲೂಯಿ ಬೆನಬಿದ್ ವೈದ್ಯರಷ್ಟೇ ಅಲ್ಲ, ಭೌತಶಾಸ್ತ್ರದಲ್ಲೂ ಡಾಕ್ಟರೇಟ್ ಪಡೆದವರು. ಥಲಾಮಾಟಮಿ ಮಾಡುವಾಗ ಸುಡುವ ಮುನ್ನ ಒಂದು ಎಚ್ಚರಿಕೆಯ ಕ್ರಮ ರೂಢಿಯಲ್ಲಿತ್ತು. ರೋಗಿಗೆ ತಲೆಯ ಚರ್ಮಕ್ಕಷ್ಟೇ ಅರಿವಳಿಕೆ ಕೊಟ್ಟಿರುತ್ತಾರೆ. ಆತ ಎಚ್ಚರವಾಗಿಯೇ ಇರುತ್ತಾನೆ. ಮಿದುಳಿಗೆ ನೋವಿನ ಅರಿವಿಲ್ಲ. ಸೂಜಿ ಸರಿಯಾದ ಜಾಗದಲ್ಲಿದೆಯೇ, ಪಕ್ಕದಲ್ಲಿ ಮಾತಿನ ಅಥವಾ ಚಲನೆಯ ನರಗಳಿಲ್ಲವಷ್ಟೆ ಎಂದು ಅರಿಯಲು ಸ್ವಲ್ಪ ವಿದ್ಯುತ್ ಹರಿಸಿ ರೋಗಿಯನ್ನು ಮಾತನಾಡಿಸುತ್ತಾರೆ.

1980ರ ದಶಕದಲ್ಲಿ ಬೆನಬಿದ್ ಈ ಪರೀಕ್ಷೆಯ ವೇಳೆ ವಿದ್ಯುತ್ ಮಿಡಿತದ ವೇಗವನ್ನು ಬದಲಿಸಿ ನೋಡಿದರು. ಕಡಿಮೆ ವೇಗದಲ್ಲಿ ಉಪಯೋಗವಾಗಲಿಲ್ಲ, ಕೆಲವೊಮ್ಮೆ ನಡುಕ ಹೆಚ್ಚಿತು. ಸೆಕೆಂಡಿಗೆ ನೂರರ ಆಸುಪಾಸಿಗೆ ಏರಿಸಿದಾಗ ನಡುಕ ನಿಂತಿತು. ವಿದ್ಯುತ್ ನಿಲ್ಲಿಸಿದರೆ ನಡುಕ ಮರಳಿತು. ಮತ್ತೆ ಹರಿಸಿದರೆ ಮತ್ತೆ ನಿಂತಿತು. ಸುಡುವುದರಿಂದ ಆಗುವ ಲಾಭ ಸುಡದೆಯೇ ದೊರೆಯುತ್ತಿತ್ತು. ಇಂಥ ಸೂಚನೆಗಳು ಹಿಂದೆಯೂ ಕೆಲವರ ಕಣ್ಣಿಗೆ ಬಿದ್ದಿದ್ದವು. ಆದರೆ ಎಚ್ಚರಿಕೆಗೆಂದು ಮಾಡುತ್ತಿದ್ದ ಪರೀಕ್ಷೆಯನ್ನೇ ಚಿಕಿತ್ಸೆಯನ್ನಾಗಿ ನಿಲ್ಲಿಸಿದವರು ಬೆನಬಿದ್ ಮತ್ತು ಅವರ ಸಹೋದ್ಯೋಗಿ ನರತಜ್ಞ ಪಿಯೆರ್ ಪೊಲ್ಲಾಕ್.

1987ರಲ್ಲಿ ಪ್ರಕಟವಾದ ಅವರ ಮೊದಲ ವರದಿಯಲ್ಲಿ ಬರ್ಕ್-ವೈಟ್ ಅವರನ್ನು ಕಾಡಿದ ಸಮಸ್ಯೆಗೇ ಉತ್ತರವಿತ್ತು. ಎರಡೂ ಪಕ್ಕದ ನಡುಕಕ್ಕೆ ಒಂದು ಕಡೆ ಸುಟ್ಟು, ಇನ್ನೊಂದು ಕಡೆ ಸುಡುವ ಬದಲು ತಂತಿಯನ್ನು ಅಲ್ಲೇ ಉಳಿಸಿ ನಿರಂತರವಾಗಿ ವಿದ್ಯುತ್ ಹರಿಸಿದ್ದರು. ಹೃದಯದ ಪೇಸ್‌ಮೇಕರ್ 1958ರಿಂದಲೇ ಬಳಕೆಗೆ ಬಂದಿತ್ತು. ತಡೆಯಲಾಗದ ನೋವಿಗೆ ಮಿದುಳಿನಲ್ಲಿ ತಂತಿ ಇಡುವ ಪದ್ಧತಿಯೂ ಇತ್ತು. ಹೀಗಾಗಿ ಬೇಕಾದ ಸಲಕರಣೆ ಸಿದ್ಧವಾಗಿಯೇ ಇತ್ತು. 1991ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 32 ರೋಗಿಗಳ ಫಲಿತಾಂಶ ಬಂತು.

ಇನ್ನೊಂದು ಕಡೆಯಿಂದ ಅಮೆರಿಕದ ಮಾಲನ್ ಡಿಲಾಂಗ್ ಮತ್ತು ಸಂಗಡಿಗರು 1990ರಲ್ಲಿ ಮಂಗಗಳ ಮೇಲಿನ ಪ್ರಯೋಗದಿಂದ, ಥಲಾಮಸ್ಸಿನ ಕೆಳಗಿರುವ ಅವರೆಕಾಳಿನಷ್ಟು ಪುಟ್ಟ ಕೇಂದ್ರವೊಂದರ ಅತಿಚಟುವಟಿಕೆಯೇ ಪಾರ್ಕಿನ್ಸನ್ ರೋಗದ ಹಲವು ಲಕ್ಷಣಗಳಿಗೆ ಕಾರಣವೆಂದು ತೋರಿಸಿದರು. 1993ರಲ್ಲಿ ಗ್ರೆನೋಬಲ್ ತಂಡ ಅಲ್ಲಿಗೂ ತಂತಿ ಇಳಿಸಿತು. ನಡುಕವಷ್ಟೇ ಅಲ್ಲ, ಬಿಗಿತ ಮತ್ತು ನಿಧಾನಗತಿಯೂ ತಗ್ಗಿದವು. 1997ರಲ್ಲಿ ಅಮೆರಿಕ ಸರ್ಕಾರ ನಡುಕಕ್ಕೆ ಈ ಚಿಕಿತ್ಸೆಯನ್ನು ಅಂಗೀಕರಿಸಿತು. 2002ರಲ್ಲಿ ಪಾರ್ಕಿನ್ಸನ್ ರೋಗದ ಇತರ ಲಕ್ಷಣಗಳಿಗೂ ಒಪ್ಪಿಗೆ ದೊರೆಯಿತು. 2014ರಲ್ಲಿ ಬೆನಬಿದ್ ಮತ್ತು ಡಿಲಾಂಗ್ ಇಬ್ಬರಿಗೂ ಪ್ರತಿಷ್ಠಿತ ಲಾಸ್ಕರ್ ಪ್ರಶಸ್ತಿ ಸಂದಿತು. ಇಂದು ಜಗತ್ತಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಈ ಚಿಕಿತ್ಸೆ ಪಡೆದಿದ್ದಾರೆ. ಭಾರತದಲ್ಲಿ ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಇದು ಲಭ್ಯವಿದೆ.

ತಂತಿಯ ಕೆಲಸ

ಒಂದೂಕಾಲು ಮಿಲಿಮೀಟರಿನಷ್ಟು ದಪ್ಪದ ತಂತಿ. ಅದರ ತುದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಲೋಹದ ಉಂಗುರಗಳು. ಎಂ.ಆರ್.ಐ. ಚಿತ್ರದ ನೆರವಿನಿಂದ ಗುರಿಯನ್ನು ಲೆಕ್ಕಹಾಕಿ, ಬುರುಡೆಯಲ್ಲಿ ಪುಟ್ಟ ರಂಧ್ರ ಕೊರೆದು ತಂತಿಯನ್ನು ಇಳಿಸುತ್ತಾರೆ. ಅದರ ಇನ್ನೊಂದು ತುದಿ ಕಿವಿಯ ಹಿಂದೆ, ಕತ್ತಿನ ಚರ್ಮದಡಿ ಹಾದು ಕೊರಳೆಲುಬಿನ ಕೆಳಗೆ ಹುದುಗಿಸಿದ ಬ್ಯಾಟರಿ ಪೆಟ್ಟಿಗೆಯನ್ನು ಸೇರುತ್ತದೆ. ಸೆಕೆಂಡಿಗೆ ಸುಮಾರು 130 ಮಿಡಿತಗಳು ಹಗಲಿರುಳೂ ಹರಿಯುತ್ತವೆ. ಎಷ್ಟು ವಿದ್ಯುತ್, ಯಾವ ಉಂಗುರದಿಂದ ಎಂಬುದನ್ನು ವೈದ್ಯರು ಹೊರಗಿನಿಂದಲೇ ತಿದ್ದಬಹುದು. ಬೇಡವೆನಿಸಿದರೆ ನಿಲ್ಲಿಸಲೂಬಹುದು.

ಮಿಡಿತವು ನಡುಕವನ್ನು ನಿಲ್ಲಿಸುವುದು ಹೇಗೆ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಮುಗಿದಿಲ್ಲ. ನರಕೋಶಗಳ ಗುಂಪು ಭಜನೆಯವರಂತೆ ಒಂದೇ ತಾಳಕ್ಕೆ ಬಿದ್ದಾಗ ಅದು ನಡುಕವಾಗಿ ಕೈಕಾಲಿಗೆ ಇಳಿಯುತ್ತದೆ. ಹೊರಗಿನ ವೇಗದ ಮಿಡಿತ ಆ ತಾಳವನ್ನು ಕೆಡಿಸುತ್ತದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ.

ರೋಗಿ ಎಚ್ಚರವಾಗಿರುವುದರಿಂದ ಶಸ್ತ್ರಕ್ರಿಯೆಯ ಕೊಠಡಿಯಲ್ಲಿ ಅಪೂರ್ವ ದೃಶ್ಯಗಳೂ ಕಂಡಿವೆ. 2008ರಲ್ಲಿ ಅಮೆರಿಕದ ಬ್ಯಾಂಜೊ ವಾದಕ ಎಡ್ಡಿ ಆಡ್‌ಕಾಕ್, ವೈದ್ಯರು ತಮ್ಮ ಮಿದುಳಿನಲ್ಲಿ ತಂತಿಯ ಜಾಗ ಹುಡುಕುತ್ತಿರುವಾಗಲೇ ವಾದ್ಯ ನುಡಿಸಿದರು. ಬೆರಳು ಸರಾಗವಾದಾಗ ತಂತಿ ಸರಿಯಾದ ಜಾಗ ತಲುಪಿದೆಯೆಂದು ಎಲ್ಲರಿಗೂ ತಿಳಿಯಿತು. 2017ರ ಜುಲೈನಲ್ಲಿ ಬೆಂಗಳೂರಿನಲ್ಲಿಯೂ ಬೆರಳು ಸೆಟೆಯುವ ತೊಂದರೆಯಿದ್ದ ಕಲಾವಿದರೊಬ್ಬರು ಶಸ್ತ್ರಕ್ರಿಯೆಯ ಮೇಜಿನ ಮೇಲೆ ಗಿಟಾರ್ ನುಡಿಸಿದ್ದು ಸುದ್ದಿಯಾಯಿತು. ಅಲ್ಲಿ ಬಳಸಿದ್ದು ಮಾತ್ರ ತಂತಿಯನ್ನಲ್ಲ, ಸುಡುವ ಹಳೆಯ ವಿಧಾನವನ್ನು.

ನಿಲ್ಲುವ ಸುಖ

ಇದು ರೋಗವನ್ನು ಬೇರು ಸಹಿತ ಕೀಳುವ ಚಿಕಿತ್ಸೆಯಲ್ಲ. ಪಾರ್ಕಿನ್ಸನ್ ರೋಗ ತನ್ನ ದಾರಿಯಲ್ಲಿ ಮುಂದುವರಿಯುತ್ತಲೇ ಇರುತ್ತದೆ. ನೂರರಲ್ಲಿ ಒಬ್ಬಿಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆ. ಸೋಂಕು ತಗುಲಬಹುದು, ಮಾತು ಅಥವಾ ಸಮತೋಲ ಕೆಡಬಹುದು. ಸಾಮಾನ್ಯ ಬ್ಯಾಟರಿಯನ್ನು ಕೆಲವೇ ವರ್ಷಗಳಿಗೊಮ್ಮೆ ಶಸ್ತ್ರಕ್ರಿಯೆಯಿಂದ ಬದಲಿಸಬೇಕು. ಒಟ್ಟು ವೆಚ್ಚ ಹಲವು ಲಕ್ಷ ರೂಪಾಯಿ. ದಿನಗೂಲಿಯವನ ಕೈ ನಡುಗಿದರೆ ಈ ತಂತಿ ಅವನನ್ನು ತಲುಪುವುದು ಸುಲಭವಲ್ಲ.

ನಿಂತಾಗಿನ ನಡುಕದ ರೋಗಿಗಳ ವಿಚಾರದಲ್ಲಿ ಫಲಿತಾಂಶ ಇನ್ನೂ ಮಿತವಾದದ್ದು. ಮೊದಲು ಕ್ಲೊನಜೆಪಾಮ್‌ನಂಥ ಮಾತ್ರೆಯನ್ನು ಕೊಟ್ಟು ನೋಡುತ್ತಾರೆ. ಅದಕ್ಕೆ ಬಗ್ಗದ ಕೆಲವರಿಗೆ ಮಾತ್ರ ಥಲಾಮಸ್ಸಿಗೆ, ಸಾಮಾನ್ಯವಾಗಿ ಎರಡೂ ಪಕ್ಕಕ್ಕೆ, ತಂತಿ ಇಳಿಸಲಾಗಿದೆ. ಹಲವರಲ್ಲಿ ನಡುಕವಿಲ್ಲದೆ ನಿಲ್ಲಬಲ್ಲ ಅವಧಿ ಹೆಚ್ಚಿದೆ. ಕೆಲವರಲ್ಲಿ ವರ್ಷಗಳು ಕಳೆದಂತೆ ಲಾಭ ಕುಗ್ಗಿದೆ. ಕೆಲವು ಕ್ಷಣಗಳ ನಿಲುವು ಕೆಲವು ನಿಮಿಷಗಳ ನಿಲುವಾದರೆ ಹೊರಗಿನವರಿಗೆ ಅದು ಅಲ್ಪವೆನಿಸಬಹುದು. ಒಲೆಯ ಮುಂದೆ ನಿಂತು ಹಾಲು ಕಾಯಿಸಬೇಕಾದವರಿಗೆ, ಅಂಗಡಿಯಲ್ಲಿ ಚಿಲ್ಲರೆಗೆ ಕಾಯಬೇಕಾದವರಿಗೆ ಅದರ ಬೆಲೆ ಗೊತ್ತು.

ಇತಿಹಾಸ ಈಗ ಮತ್ತೊಂದು ಸುತ್ತು ತಿರುಗಿದೆ. 2016ರಲ್ಲಿ ಅಮೆರಿಕ, ಬುರುಡೆಯನ್ನು ಕೊರೆಯದೆ ಹೊರಗಿನಿಂದಲೇ ಶ್ರವಣಾತೀತ ಧ್ವನಿಯನ್ನು ಒಂದು ಬಿಂದುವಿಗೆ ಹಾಯಿಸಿ ಥಲಾಮಸ್ಸಿನ ಆ ಭಾಗವನ್ನು ಸುಡುವ ವಿಧಾನಕ್ಕೆ ಒಪ್ಪಿಗೆ ನೀಡಿತು. ಚಾಕುವಿಲ್ಲ, ತಂತಿಯಿಲ್ಲ, ಬ್ಯಾಟರಿಯಿಲ್ಲ. ಆದರೆ ಸುಟ್ಟದ್ದು ಸುಟ್ಟದ್ದೇ. ಇತ್ತ 2025ರ ಫೆಬ್ರವರಿಯಲ್ಲಿ ಅದೇ ದೇಶ, ಮಿದುಳಿನ ಸಂಕೇತವನ್ನು ತಾನೇ ಗ್ರಹಿಸಿ ಬೇಕಾದಷ್ಟೇ ವಿದ್ಯುತ್ ಕೊಡುವ ಸಾಧನವನ್ನು ಪಾರ್ಕಿನ್ಸನ್ ರೋಗಿಗಳಿಗೆ ಅಂಗೀಕರಿಸಿತು. ಸುಡುವುದೋ ತಂತಿ ಇಡುವುದೋ ಎಂಬ ಆಯ್ಕೆ ಹೀಗೆ ಹೊಸ ವೇಷದಲ್ಲಿ ಮತ್ತೆ ರೋಗಿಯ ಮುಂದೆ ಬಂದು ನಿಂತಿದೆ. ಮೇರಿ ರಾಫರ್ಟಿಯ ಕಾಲಕ್ಕೂ ಇಂದಿಗೂ ಇರುವ ದೊಡ್ಡ ಅಂತರ ಯಂತ್ರಗಳದ್ದಲ್ಲ. ಇಂದು ಮೇಜಿನ ಮೇಲೆ ಮಲಗಿದವರನ್ನು ವೈದ್ಯರು ಮಾತನಾಡಿಸುತ್ತಾರೆ, ಕೈ ಎತ್ತಿ ಎನ್ನುತ್ತಾರೆ, ಈಗ ಹೇಗನಿಸುತ್ತದೆ ಎಂದು ಕೇಳುತ್ತಾರೆ. ಅವರು ಹೇಳಿದ್ದನ್ನು ಕೇಳಿಸಿಕೊಂಡ ಮೇಲೆಯೇ ಮುಂದಿನ ಕೆಲಸ.